ಗಾಜಿನ ಕಪಾಟಿನ ಕರಡಿ

ಆ ವಿಶ್ವವಿದ್ಯಾಲಯದ ಆಟದ ತಂಡಗಳಿಗೆ ಕರಡಿಯೇ ಗುರುತು. ಕಂಬಳಿಯಲ್ಲಿ ಹೊಲಿದ ಮೊದಲ ಕರಡಿವೇಷವನ್ನು ತೊಟ್ಟು ಎಷ್ಟೋ ವಿದ್ಯಾರ್ಥಿಗಳು ಮೈದಾನದಲ್ಲಿ ಕುಣಿದಿದ್ದರು. ಅದು ಹಳತಾದಾಗ ಹೊಸದನ್ನು ಹೊಲಿಸಿದರು. ಹಳೆಯದನ್ನು ಗಾಜಿನ ಕಪಾಟಿನಲ್ಲಿ ನಿಲ್ಲಿಸಿ, ಅದರ ಚರಿತ್ರೆಯನ್ನು ಫಲಕದ ಮೇಲೆ ಬರೆಸಿದರು.

ಒಂದು ಸಂಜೆ ಕಬಡ್ಡಿ ಪಂದ್ಯ ಮುಗಿದ ಮೇಲೆ ಜವಾನ ಹೂವಪ್ಪ ಹೊಸ ವೇಷವನ್ನು ತಂದು, "ಇಲ್ಲೇ ಆರಲಿ" ಎಂದು ಕಪಾಟಿನ ಪಕ್ಕದ ಕುರ್ಚಿಯ ಮೇಲೆ ಹಾಕಿ ಹೋದ.

"ಹಿರಿಯರೇ, ನೀವು ಪುಣ್ಯವಂತರು," ಎಂದಿತು ಹೊಸ ವೇಷ. "ನಿಮ್ಮನ್ನು ಯಾರೂ ಮುಟ್ಟುವುದಿಲ್ಲ. ನನ್ನ ಮೈಯೆಲ್ಲ ಬೆವರು."

"ಇವತ್ತು ನಿನ್ನೊಳಗೆ ಯಾರಿದ್ದರು?" ಎಂದು ಹಳೆಯ ವೇಷ ಕೇಳಿತು.

"ಚಂದ್ರಮತಿ ಎಂಬ ಹುಡುಗಿ. ನಮ್ಮವರು ಸೋತರು. ಆದರೂ ಅವಳು ಕುಣಿಯುತ್ತಲೇ ಇದ್ದಳು. ಒಳಗೆ ಮಾತ್ರ ಅಳುತ್ತಿದ್ದಳು. ನನ್ನ ಕೊರಳು ಇನ್ನೂ ಒದ್ದೆಯಾಗಿದೆ."

ಹಳೆಯ ವೇಷ ಗಾಜಿನಾಚೆಯ ಆ ಒದ್ದೆ ಕೊರಳನ್ನು ನೋಡಿತು.

"ನನ್ನನ್ನು ನೋಡಲು ದಿನವೂ ಜನ ಬರುತ್ತಾರೆ," ಎಂದಿತು ಆಮೇಲೆ. "ನನ್ನೊಳಗೆ ಯಾರೂ ಬರುವುದಿಲ್ಲ. ಕೊಂಚ ಇತ್ತ ಒರಗುತ್ತೀಯಾ, ಮಗು?"

ಹೊಸ ವೇಷ ಗಾಜಿಗೆ ಕೊರಳು ಆನಿಸಿತು. ಹಳೆಯದು ಒಳಗಿನಿಂದ ಅದೇ ಜಾಗಕ್ಕೆ ತನ್ನ ಕೊರಳನ್ನು ಒತ್ತಿ ನಿಂತಿತು. ಗಾಜಿನ ಹೊರಮೈ ಒದ್ದೆಯಾಯಿತು. ಒಳಗಡೆ ಒಣಗಿಯೇ ಇತ್ತು.