ಬಂಡೆಯ ಮೇಲೆ ಉಳಿದ ಚಪ್ಪಲಿ

“ಅಜ್ಜಾರೆ, ಬೆಟ್ಟಕ್ಕೆ ಹೋದವನು ನಾನು. ಮೂರು ದಿನ ಧ್ಯಾನ ಮಾಡಿ ಕ್ಷೇಮವಾಗಿ ಬಂದವನೂ ನಾನೇ. ಇದರಲ್ಲಿ ಮಠದವರಿಗೇನು ಕಷ್ಟ? ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಹೇಳಿಯೇ ಹೋಗಬೇಕೆಂಬ ಕಟ್ಟು ಎಲ್ಲ ಬಿಟ್ಟು ಬಂದ ನನ್ನಂಥವನಿಗೂ ಬೇಕೆ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

“ಎಲ್ಲ ಬಿಟ್ಟೆಯಾ? ಭಲೇ!” ಎಂದರು. “ಕೂತುಕೋ. ಒಬ್ಬ ಮೀನುಗಾರನೂ ನಿನ್ನ ಹಾಗೆಯೇ ಯೋಚನೆ ಮಾಡಿದ್ದ. ಅವನ ಕತೆ ಕೇಳು.”

ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಒಂದು ಹಳ್ಳಿ. ಹುಲುಗಪ್ಪ ಅಲ್ಲಿಯ ಮೀನುಗಾರ. ಆ ಹಳ್ಳಿಯಲ್ಲಿ ನೀರಿಗೆ ಹೊರಟವನನ್ನು ‘ಎಲ್ಲಿಗೆ’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ. ಕೇಳದೆ ಹೋದರೆ, ಹೋದವನು ಬಂದನೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ಹಿರಿಯರು ಒಂದು ಉಪಾಯ ಮಾಡಿದ್ದರು. ತೆಪ್ಪ ಹತ್ತುವವನು ತನ್ನ ಚಪ್ಪಲಿಯನ್ನು ದಡದ ಬಂಡೆಯ ಮೇಲೆ ಬಿಟ್ಟು ಹೋಗಬೇಕು. ತಿರುಗಿ ಬಂದವನು ಅದನ್ನು ಮೆಟ್ಟಿಕೊಂಡೇ ಮನೆಗೆ ಹೋಗಬೇಕು. ಮಧ್ಯಾಹ್ನ ಕೊನೆಗೆ ದಡ ಸೇರಿದವನು ಬಂಡೆಯ ಕಡೆ ನೋಡುತ್ತಾನೆ. ಅಲ್ಲಿ ಇನ್ನೊಬ್ಬನ ಚಪ್ಪಲಿ ಉಳಿದಿದ್ದರೆ ಅವನು ಉಣ್ಣಲು ಹೋಗುವ ಹಾಗಿಲ್ಲ, ಹುಡುಕಲು ಹೋಗಬೇಕು.

ಹುಲುಗಪ್ಪ ನೀರಿನ ಗುಣ ಬಲ್ಲವನು. ಮುಚ್ಚಳ ಬಿಗಿದ ಖಾಲಿ ಕ್ಯಾನೊಂದನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ ಅವನು ತೆಪ್ಪ ಹತ್ತಿದವನಲ್ಲ. ತೆಪ್ಪ ಮಗುಚಿದರೂ ಕ್ಯಾನು ಮನುಷ್ಯನನ್ನು ತೇಲಿಸುತ್ತದೆ. ಎಲ್ಲ ಸರಿ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಬಲೆ ಹಾಕುವ ಒಂದು ಜಾಗಕ್ಕಾಗಿ ನೆರೆಮನೆಯ ಯಂಕೋಬನ ಜೊತೆ ಜಗಳವಾಡಿ, ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಒಂದು ದಿನ ಅವನು ಬಲೆ ಎತ್ತುವ ಹೊತ್ತಿಗೆ ಗಾಳಿ ಜೋರಾಯಿತು. ಗಾಳಿಗೆ ಎದುರಾಗಿ ಹುಟ್ಟು ಹಾಕಿದರೆ ತೋಳು ಸೋಲುತ್ತದೆ, ತೆಪ್ಪಕ್ಕೆ ನೀರು ನುಗ್ಗುತ್ತದೆ. ಹುಲುಗಪ್ಪ ಹಟ ಮಾಡಲಿಲ್ಲ. ಗಾಳಿ ಕರೆದುಕೊಂಡು ಹೋದ ಕಡೆಗೇ ಹೋಗಿ, ಊರಿನಿಂದ ಒಂದು ಹರದಾರಿ ಆಚೆ ದಡ ಮುಟ್ಟಿದ. ತೆಪ್ಪವನ್ನು ಬೋರಲು ಹಾಕಿ ಮೇಲೆ ಕಲ್ಲು ಹೇರಿದ. ಇಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ಒಂದು ತಪ್ಪೂ ಇಲ್ಲ.

ಅಲ್ಲಿಂದ ಹೊಲದ ಬದುವಿನ ಮೇಲೆ ನೇರವಾಗಿ ನಡೆದರೆ ಮನೆ. ಬಂಡೆಗೆ ಹೋಗಬೇಕಾದರೆ ಸುತ್ತು ದಾರಿ. ಹೊಟ್ಟೆ ಹಸಿದಿತ್ತು. ಸವೆದ ಚಪ್ಪಲಿ, ಯಾವ ಕಳ್ಳ ಒಯ್ಯುತ್ತಾನೆ, ನಾಳೆ ತಂದರಾಯಿತು ಎಂದುಕೊಂಡ. ಯಾರಾದರೂ ಕಂಡರೆ ಎಂಬ ಯೋಚನೆಯೂ ಬಾರದೆ ಇರಲಿಲ್ಲ. ಈ ಹೊತ್ತಿನಲ್ಲಿ ಎಲ್ಲರಿಗಿಂತ ಕೊನೆಗೆ ಬರುವವನು ಯಂಕೋಬ. ಅವನೇ, ನನ್ನನ್ನು ಹುಡುಕುವವನು? ನಾನು ಸತ್ತರೆ ಊರಿಗೆಲ್ಲ ಸಕ್ಕರೆ ಹಂಚುತ್ತಾನೆ! ಹೀಗೆ ತನಗೆ ತಾನೇ ಹೇಳಿಕೊಂಡು ಬರಿಗಾಲಲ್ಲಿ ಮನೆಗೆ ನಡೆದ.

ಹೆಂಡತಿ ರೊಟ್ಟಿ ಬಡಿಸಿದಳು. ಎರಡನೆಯ ರೊಟ್ಟಿ ಮುರಿಯುವಾಗ ಬಾಗಿಲಲ್ಲಿ ಯಂಕೋಬನ ಹೆಂಡತಿ ಬಂದು ನಿಂತಳು. ಎರಡು ವರ್ಷದಿಂದ ಆ ಹೊಸ್ತಿಲು ತುಳಿಯದವಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ತಾಟಿನ ಮುಂದೆ ಕೂತ ಹುಲುಗಪ್ಪನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅಯ್ಯೋ ಶಿವನೇ, ಉಣ್ಣಾಕ ಕುಂತೀಯೇನೋ ಯಣ್ಣಾ!” ಎಂದಳು. “ನಿನ್ನ ಚಪ್ಪಲಿ ಕಂಡು ನನ್ನ ಗಂಡ ಮತ್ತ ನೀರಿಗಿಳಿದಾನ. ಅವಸರಕ್ಕ ಕ್ಯಾನು ಸೈತ ಕಟ್ಟಿಕೊಳ್ಳಲಿಲ್ಲ. ನಿನ್ನ ಹೆಂಡತಿಗೆ ಧೈರ್ಯ ಹೇಳೋಣಂತ ನಾನು ಬಂದರ…”

ಹುಲುಗಪ್ಪ ಮುರಿದ ರೊಟ್ಟಿಯನ್ನು ತಾಟಿಗೆ ಬಿಟ್ಟ. ಎಂಜಲು ಕೈಯಲ್ಲೇ ಎದ್ದು ಓಡಿದ.

ಬಂಡೆಯ ಮೇಲೆ ಅವನ ಚಪ್ಪಲಿ ಹಾಗೆಯೇ ಇತ್ತು. ಪಕ್ಕದಲ್ಲಿ ಯಂಕೋಬನದೂ ಇತ್ತು. ನೀರಿನ ಮೇಲೆ ಅಲೆಗಳ ಹೊರತು ಏನೂ ಕಾಣಲಿಲ್ಲ. ಸಿಕ್ಕ ತೆಪ್ಪವನ್ನು ಎಳೆದುಕೊಂಡು ಹಾರಲು ಹೋದಾಗ ಊರಿನ ಮುದುಕನೊಬ್ಬ ಅವನ ರಟ್ಟೆ ಹಿಡಿದ. ನೀರಲ್ಲಿ ಇನ್ನೊಬ್ಬ ಬೇಡ, ನೀನು ಬದುಕಿರುವುದು ಅವನಿಗೆ ಕಾಣಿಸಬೇಕು, ಅಷ್ಟು ಮಾಡು ಎಂದು ಗದರಿದ.

ಹುಲುಗಪ್ಪ ಕೆಂಪು ರುಮಾಲನ್ನು ಉದ್ದನೆಯ ಬಿದಿರಿಗೆ ಕಟ್ಟಿ, ಎತ್ತರದ ಕಲ್ಲು ಹತ್ತಿ ಬೀಸತೊಡಗಿದ. ಯಂಕೋಬಾ, ಯಂಕೋಬಾ ಎಂದು ಕೂಗಿದ. ಎರಡು ವರ್ಷ ಬಾಯಿಗೆ ತಾರದ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗಿದ. ಗಾಳಿ ಕೂಗನ್ನು ತಿರುಗಿ ಅವನ ಮುಖಕ್ಕೇ ಎಸೆಯಿತು. ಅವನು ಬಿದಿರನ್ನು ಕೆಳಗಿಡಲಿಲ್ಲ. ತಾಯಿ ಗಂಗಮ್ಮ, ಆ ಜಾಗ ಅವನೇ ಇಟ್ಟುಕೊಳ್ಳಲಿ, ಅವನನ್ನೊಬ್ಬನನ್ನು ನನಗೆ ಕೊಡು ಎಂದು ಬೇಡಿಕೊಂಡ. ತೋಳು ಮರಗಟ್ಟಿತು. ಯಂಕೋಬನ ಹೆಂಡತಿ ಬಂದು ಬಿದಿರಿನ ಬುಡಕ್ಕೆ ಕೈಹಚ್ಚಿದಳು. ಇಬ್ಬರೂ ಬೀಸಿದರು.

ಬಹಳ ಹೊತ್ತಿನ ಮೇಲೆ ದೂರದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಅದು ಸುತ್ತುತ್ತ, ಏಳುತ್ತ, ಬೀಳುತ್ತ ದಡದ ಕಡೆಗೆ ತಿರುಗಿತು. ಯಂಕೋಬ ಒಂದು ಕೈಯಲ್ಲಿ ಹುಟ್ಟು ಹಾಕುತ್ತಿದ್ದ, ಇನ್ನೊಂದು ಕೈಯಲ್ಲಿ ತೆಪ್ಪದೊಳಗಿನ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದ. ಹುಲುಗಪ್ಪ ಎದೆಮಟ್ಟದ ನೀರಿಗೆ ನುಗ್ಗಿ ತೆಪ್ಪದ ಅಂಚು ಹಿಡಿದು ಎಳೆದುಕೊಂಡು ಬಂದ. ಅವನಿಗೆ ಹೋದ ಜೀವ ಬಂದಂತಾಯಿತು. ದಡದ ಮಣ್ಣಿನಲ್ಲಿ ಕೂತು ಮಗುವಿನ ಹಾಗೆ ಅತ್ತ.

“ನನಗೂ ನಿನಗೂ ಮಾತೇ ಇಲ್ಲವಲ್ಲೋ,” ಎಂದ. “ಯಾಕಲೇ ಹೋದಿ?”

“ಜಗಳ ಇರೋದು ನಿನ್ನ ಕೂಡ,” ಎಂದ ಯಂಕೋಬ, ಏದುಸಿರು ಬಿಡುತ್ತ. “ನಿನ್ನ ಚಪ್ಪಲಿ ಕೂಡ ನನಗ್ಯಾವ ಜಗಳ?”

ಉಸಿರು ಸರಿಯಾದ ಮೇಲೆ ಹುಲುಗಪ್ಪನ ಏಳು ತಲೆಮಾರನ್ನೂ ಸೇರಿಸಿ ಬೈದ. ಹುಲುಗಪ್ಪ ಅಳುತ್ತ ನಗುತ್ತ ಬೈಸಿಕೊಂಡ. ಸುತ್ತ ನಿಂತವರೂ ನಕ್ಕರು. ಆ ದಿನ ಇಬ್ಬರೂ ಒಂದೇ ತಾಟಿನಲ್ಲಿ ಆರಿದ ರೊಟ್ಟಿ ತಿಂದರು, ಎರಡೂ ಮನೆಯ ಹೆಂಗಸರು ಬೈಯುತ್ತಲೇ ಬಡಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೂ ಮನಸ್ಸು ಹಗುರವಾಗಿತ್ತು.

“ಸದ್ಯ, ಬದುಕಿ ಬಂದನಲ್ಲ!” ಎಂದ. “ದೊಡ್ಡ ಮನುಷ್ಯ ಆ ಯಂಕೋಬ. ಆದರೆ ಅಜ್ಜಾರೆ, ನನ್ನನ್ನು ಹುಡುಕಿಕೊಂಡು ಬೆಟ್ಟಕ್ಕೆ ಯಾರೂ ಬರಲಿಲ್ಲವಲ್ಲ?”

ಗುರುಗಳು ಗೋಡೆಯ ಗೂಡಿನಿಂದ ಒಂದು ಸೂಜಿ ತೆಗೆದು ಅವನ ಅಂಗೈಯಲ್ಲಿಟ್ಟರು.

“ಬೆಟ್ಟವೆಲ್ಲ ಸುತ್ತಿ ಬಂದ ಅಡುಗೆಯ ದಾನಯ್ಯನ ಅಂಗಾಲಿನಿಂದ ನಿನ್ನೆ ಹನ್ನೊಂದು ಮುಳ್ಳು ತೆಗೆದಿದ್ದೇನೆ, ಮಿಕ್ಕಿದ್ದನ್ನು ನೀನು ತೆಗೆ, ಹೋಗು.”