ಆರನೆಯ ಪುಟದ ತಪ್ಪು

ಒಂದು ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸೆಮಿನಾರ್ ನಡೆಯುತ್ತಿತ್ತು. ಹೊಸದೇನನ್ನಾದರೂ ಸಾಧಿಸಿದವರು ಬೋರ್ಡಿನ ಮೇಲೆ ಬರೆದು ತೋರಿಸಬೇಕು, ಉಳಿದವರು ಕೇಳಬೇಕು, ಅನುಮಾನವಿದ್ದರೆ ಎತ್ತಬೇಕು.

ಆ ವಿಭಾಗದಲ್ಲಿ ಚನ್ನವೀರ ಎಂಬ ಸಂಶೋಧಕನಿದ್ದ. ಅವಿಭಾಜ್ಯ ಸಂಖ್ಯೆಗಳ ಬಗೆಗಿನ ಒಂದು ಹಳೆಯ ಸಮಸ್ಯೆಗೆ ಐದು ವರ್ಷಗಳಿಂದ ಬೆನ್ನುಬಿದ್ದಿದ್ದ. ಅಲ್ಲೊಂದು ಇಲ್ಲೊಂದು ಸಣ್ಣ ಫಲ ಸಿಕ್ಕಿದ್ದು ಬಿಟ್ಟರೆ ಸಮಸ್ಯೆ ಬಗ್ಗಿರಲಿಲ್ಲ. ಅವನ ಮಾರ್ಗದರ್ಶಕರಾದ ಪ್ರೊಫೆಸರ್ ಇನಾಮದಾರರ ಬಳಿಯೇ ಎರಡು ವರ್ಷದ ಹಿಂದೆ ನೀಲಗಂಗಾ ಬಂದು ಸೇರಿದ್ದಳು. ಯಾವ ಪುಸ್ತಕ ಮೊದಲು ಓದಬೇಕು, ಯಾವ ಲೆಕ್ಕ ಮಾಡಿ ಕೈ ಪಳಗಿಸಿಕೊಳ್ಳಬೇಕು ಎಂದು ಅವಳಿಗೆ ತೋರಿಸಿಕೊಟ್ಟವನು ಚನ್ನವೀರನೇ. ಅವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು.

ಒಂದು ದಿನ ಇನಾಮದಾರರು ಇಬ್ಬರನ್ನೂ ಕರೆದು, ನೀಲಗಂಗಾ ಆ ಸಮಸ್ಯೆಯನ್ನು ಬಿಡಿಸಿದ್ದಾಳೆ, ಬರುವ ಬುಧವಾರ ಬಿಟ್ಟು ಅದರಾಚೆಯ ಬುಧವಾರ ಅವಳದೇ ಸೆಮಿನಾರ್, ಕೇಳಲು ಪುಣೆಯಿಂದ ಡಾಕ್ಟರ್ ಕಾನಿಟ್ಕರ್ ಬರುತ್ತಾರೆ ಎಂದರು. ಕಾನಿಟ್ಕರ್ ಎಂದರೆ ಆ ವಿಷಯದಲ್ಲಿ ದೊಡ್ಡ ಹೆಸರು. ಚನ್ನವೀರ ನಗುತ್ತಲೇ ಅಭಿನಂದನೆ ಹೇಳಿದ. ಆದರೆ ತನ್ನಿಂದಲೇ ಓನಾಮ ಕಲಿತವಳು ತನ್ನನ್ನೇ ದಾಟಿಹೋದಳಲ್ಲ ಎಂದು ಅವನಿಗೆ ಊಟ ಸೇರಲಿಲ್ಲ.

ನೀಲಗಂಗಾ ತನ್ನ ಕರಡನ್ನು ಮೊದಲು ತಂದುಕೊಟ್ಟದ್ದು ಅವನಿಗೇ.

"ಓದಿ ನೋಡಿ ಅಣ್ಣ. ಇದನ್ನು ನಿಮ್ಮಷ್ಟು ಬಲ್ಲವರು ಇಲ್ಲಿ ಬೇರೆ ಯಾರೂ ಇಲ್ಲ."

ಅವನು ಓದಿದ. ಎಲ್ಲಾದರೂ ತಪ್ಪಿರಲಿ ಎಂದು ಹಾರೈಸುತ್ತಲೇ ಸಾಲುಸಾಲೂ ಓದಿದ. ಆರನೆಯ ಪುಟದಲ್ಲಿ ಸಿಕ್ಕೇಬಿಟ್ಟಿತು. ಬೆಸ ಸಂಖ್ಯೆಗಳಿಗೆ ಸಾಧಿಸಿದ ಒಂದು ಮಾತನ್ನು ಅವಳು ಸಮ ಸಂಖ್ಯೆಗಳಿಗೂ ಸರಿ ಎಂದು ಸುಮ್ಮನೆ ಹಿಡಿದುಬಿಟ್ಟಿದ್ದಳು. ಅದು ನಿಲ್ಲದಿದ್ದರೆ ಮುಂದಿನದ್ಯಾವುದೂ ನಿಲ್ಲುವುದಿಲ್ಲ. ಮೂರು ದಿನಗಳ ಮೇಲೆ ಅವನಿಗೆ ಅಂದು ಹಸಿವಾಯಿತು.

ಹೇಗಿದೆ ಎಂದು ಅವಳು ಕೇಳಿದಾಗ, ಚೆನ್ನಾಗಿದೆ ಎಂದಷ್ಟೇ ಹೇಳಿ ಕರಡು ಹಿಂದಿರುಗಿಸಿದ. ಸೆಮಿನಾರಿಗೆ ಇನ್ನೂ ಒಂಬತ್ತು ದಿನಗಳಿದ್ದವು. ಒಂಬತ್ತು ದಿನವೂ ಕ್ಯಾಂಟೀನಿನಲ್ಲಿ ಅವಳೆದುರು ಕೂತು ಚಹಾ ಕುಡಿದ, ಬಾಯಿ ಬಿಡಲಿಲ್ಲ.

ಆ ಬುಧವಾರ ಹಾಲ್ ತುಂಬಿತ್ತು. ಅವಳು ಬರೆಯುತ್ತ ಆರನೆಯ ಪುಟದ ಮಾತಿಗೆ ಬಂದಳು. ಚನ್ನವೀರ ಎದ್ದು ನಿಂತ.

"ಇದು ಸಮ ಸಂಖ್ಯೆಗಳಿಗೆ ಹೇಗೆ ಸರಿಯಾಗುತ್ತದೆ?"

ನೀಲಗಂಗಾ ಬೋರ್ಡಿನ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದಳು. ಆಮೇಲೆ ಎಲ್ಲರ ಕಡೆ ತಿರುಗಿ, ಇದನ್ನು ನಾನು ನೋಡಿರಲಿಲ್ಲ, ನನ್ನ ವಾದ ಇಲ್ಲಿ ಮುರಿಯಿತು ಎಂದು ತಾನೇ ಒಪ್ಪಿಕೊಂಡಳು. ಚನ್ನವೀರನ ಎದೆ ಹಗುರಾಯಿತು.

ಆದರೆ ಮುಂದಿನ ಸಾಲಿನಲ್ಲಿದ್ದ ಕಾನಿಟ್ಕರ್ ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡರು. ಸಮ ಸಂಖ್ಯೆಗಳಿಗೆ ಇಂಥದೊಂದು ಸಣ್ಣ ಫಲವಿದ್ದರೆ ಸಾಕಲ್ಲವೇ ಎನ್ನುತ್ತ ಒಂದು ಸಾಲು ಬರೆದರು. ಇಪ್ಪತ್ತು ನಿಮಿಷದಲ್ಲಿ ಅದನ್ನು ಸಾಧಿಸಿಯೂ ತೋರಿಸಿದರು. ನೀಲಗಂಗಾಳ ವಾದ ಮತ್ತೆ ಎದ್ದು ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಚನ್ನವೀರನಿಗೆ ಮಾತ್ರ ಕೈ ಎತ್ತಲಾಗಲಿಲ್ಲ. ಆ ಸಾಲು ಅವನದು. ತನ್ನ ಸಂಶೋಧನೆಯ ಎರಡನೆಯ ವರ್ಷದಲ್ಲೇ ಅದನ್ನು ಸಾಧಿಸಿ, ಇದರಿಂದೇನು ಪ್ರಯೋಜನ ಎಂದು ಮೂಲೆಗೆ ಹಾಕಿದ್ದ. ಒಂಬತ್ತು ದಿನ ಅವಳ ತಪ್ಪನ್ನೇ ನೆನೆನೆನೆದು ಸುಖಪಟ್ಟವನಿಗೆ, ಅದನ್ನು ತುಂಬುವಂಥದ್ದು ತನ್ನ ಬಳಿಯೇ ಇದೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಸಂಜೆ ಅವನೇ ನೀಲಗಂಗಾಳ ಬಳಿ ಹೋಗಿ, ತಪ್ಪು ತನಗೆ ಮೊದಲೇ ಗೊತ್ತಿತ್ತು ಎಂದು ಹೇಳಿದ. ತನ್ನ ಹಳೆಯ ಫಲದ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಕರಡಿನ ಆರನೆಯ ಪುಟವನ್ನು ತೆರೆದು ನೋಡಿ ಹೇಳಿದಳು:

"ತಪ್ಪು ನನ್ನದೇ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ನೀವು ಅಂದೇ ಹೇಳಿದ್ದರೆ, ಇವತ್ತು ಆ ಬೋರ್ಡಿನ ಮುಂದೆ ನಾವಿಬ್ಬರೂ ನಿಂತಿರುತ್ತಿದ್ದೆವು."

ಅಂದಿನಿಂದ ಅವಳು ಅವನನ್ನು ಅಣ್ಣ ಎನ್ನಲಿಲ್ಲ, ಸರ್ ಎಂದಳು.

ಮರುವರ್ಷ ಆ ಪ್ರಬಂಧ ಅಚ್ಚಾಯಿತು. ಮೇಲೆ ಎರಡು ಹೆಸರುಗಳಿದ್ದವು: ನೀಲಗಂಗಾ, ಕಾನಿಟ್ಕರ್. ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಮೊದಲ ಕರಡಿನ ದೋಷವನ್ನು ಸೆಮಿನಾರಿನಲ್ಲಿ ತೋರಿಸಿಕೊಟ್ಟ ಚನ್ನವೀರ ಅವರಿಗೆ ಕೃತಜ್ಞತೆಗಳು ಎಂದಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ಪುಟವನ್ನು ಮಾತ್ರ ಚನ್ನವೀರ ಯಾರಿಗೂ ತೋರಿಸಲಿಲ್ಲ.

ನೀತಿ: ಹೊಟ್ಟೆಕಿಚ್ಚಿನ ಕಣ್ಣಿಗೆ ಇನ್ನೊಬ್ಬರ ಕೊರತೆ ಚೆನ್ನಾಗಿ ಕಾಣುತ್ತದೆ, ತನ್ನಲ್ಲಿರುವ ಸಂಪತ್ತು ಕಾಣುವುದಿಲ್ಲ. ಗೆಳೆಯರ ತಪ್ಪು ಕಂಡರೆ ಕಂಡ ದಿನವೇ ಅವರಿಗೆ ಹೇಳಿ. ಅವರ ಗೆಲುವಿನಲ್ಲಿ ನಿಮಗೂ ಪಾಲಿರಬಹುದು.