ಅಂಚು ಒಳಬಾಗಿದ ಕುಂಡ

ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಬರೆಯುತ್ತಿರುವ ಮೊದಲ ಕತೆ ಇದು. ಬೇಡದ್ದನ್ನೆಲ್ಲ ವಿವರಿಸಿಬಿಟ್ಟರೆ ಸಹಿಸಿಕೊಳ್ಳಿ. ಕತೆ ಒಂದು ಡಂಗುರದಿಂದ ಶುರುವಾಗುತ್ತದೆ.

"ಕೇಳಿರಪ್ಪೋ ಕೇಳಿ! ನಾಗಲರಾಣಿಯವರ ತೋಟಕ್ಕೆ ಮೂರು ದೇಶದ ಮೂರು ಕುಂಡ ಬಂದಿವೆ. ಅವುಗಳ ಮೇಲೆ ಮೂರು ಒಗಟು. ಬಿಡಿಸಿದವರು ತೋಟದಿಂದ ಬೇಕಾದ ಒಂದು ಮರ ಒಯ್ಯಬಹುದು. ತಪ್ಪಿದವರು ತೋಟದಲ್ಲೇ ಉಳಿಯಬೇಕು!"

ಉಳಿಯುವುದು ಅಂದರೇನೆಂದು ಯಾರಿಗೂ ಗೊತ್ತಿರಲಿಲ್ಲ. ಹೋದವರು ಬರುತ್ತಿರಲಿಲ್ಲ, ಅಷ್ಟೇ. ಹಂಚಿನ ಭಟ್ಟಿಯಲ್ಲಿ ಮಣ್ಣು ತುಳಿಯುವ ಬೊಮ್ಮಣ್ಣನ ಅಣ್ಣ ಲಕ್ಕಪ್ಪ ಹೋದ ವರ್ಷ ಇಂಥದೇ ಡಂಗುರ ಕೇಳಿ ಹೋಗಿದ್ದ. ಅಣ್ಣನನ್ನು ಹುಡುಕಿ ತರಲೆಂದೇ ಬೊಮ್ಮಣ್ಣ ಹೊರಟ.

ನಡುಮಧ್ಯಾಹ್ನ. ತೋಟದ ತುಂಬ ಬೋನ್ಸಾಯ್ ಮರಗಳು, ಅಂದರೆ ಕುಂಡದಲ್ಲಿ ಮೊಳದುದ್ದವೇ ಉಳಿಯುವಂತೆ ಬೆಳೆಸಿದ ಮುದಿಮರಗಳು. ಗಾಳಿಯಿರಲಿಲ್ಲ, ಆದರೂ ಎಲೆ ಅಲುಗುತ್ತಿತ್ತು. ರಾಣಿ ಒಂದು ಕೊಂಬೆಗೆ ತಂತಿ ಬಿಗಿದಾಗ ಯಾರೋ ಹಲ್ಲು ಕಚ್ಚಿ ನರಳಿದಂತಾಯಿತು.

"ಮೂರಕ್ಕೂ ಒಂದೇ ನೀಲಿ ಮೆರುಗು. ಯಾವುದು ಯಾವ ದೇಶದ್ದು?" ಎಂದಳು ರಾಣಿ, ಒಂದೊಂದು ಮರ ನೆಟ್ಟ ಮೂರು ಕುಂಡಗಳನ್ನು ತೋರಿಸಿ. ಮೆರುಗು ಅಂದರೆ ಬೆಂಕಿಯಲ್ಲಿ ಕರಗಿ ಗಾಜಿನಂತಾಗುವ ಲೇಪ.

ಬಂದರಿನ ವ್ಯಾಪಾರಿ ಅನಂತಯ್ಯ ಮುಂದೆ ನುಗ್ಗಿದ. "ಬಣ್ಣ ನೋಡಿದರೆ ಸಾಕು ತಾಯಿ, ತಿಳಿನೀಲಿ ಜಪಾನಿನದು..." ಮಾತು ಮುಗಿಯುವಷ್ಟರಲ್ಲಿ ಅವನ ಕಾಲು ತೊಗಟೆಯಾಯಿತು. ಪೇಟ ಕೆಳಗೆ ಬಿತ್ತು. ಅದರ ಪಕ್ಕ ಗೇಣುದ್ದದ ಒಂದು ಮರ ನಡುಗುತ್ತ ನಿಂತಿತ್ತು.

ಉಳಿಯುವುದು ಅಂದರೆ ಇದು.

"ನೀನು ಹೇಳೋ, ಕೆಸರುಗಾಲಿನವನೇ."

ಬೊಮ್ಮಣ್ಣ ಮೆರುಗನ್ನು ನೋಡಲೇ ಇಲ್ಲ. ಕುಂಡಗಳನ್ನು ಓರೆ ಮಾಡಿ ಅಡಿ ನೋಡಿದ. ಅಡಿಗೆ ಮೆರುಗು ಹಚ್ಚಿದರೆ ಭಟ್ಟಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಬರೀ ಮಣ್ಣು ಕಾಣುತ್ತದೆ. ಬಂದರಿನಲ್ಲಿ ಒಡೆದ ಪರದೇಶದ ಪಾತ್ರೆಗಳನ್ನು ಕುಟ್ಟಿ ಪುಡಿಮಾಡಿ ಹಂಚಿನ ಮಣ್ಣಿಗೆ ಬೆರೆಸುವುದೂ ಅವನ ಕೆಲಸವಾಗಿತ್ತು.

"ಈ ಬೂದು ಮಣ್ಣು ಚೀನಾದ್ದು, ಈ ಕಂದು ಜಪಾನಿನದು. ಈ ಕೆಂಪು ನಮ್ಮದೇ ತಾಯಿ, ದಿನಾ ತುಳಿಯುತ್ತೇನೆ."

"ಸರಿ. ಈ ಮೂವರು ಕುಂಬಾರರು ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಅಡಿಯಲ್ಲದೆ ಇನ್ನೊಂದು ಜಾಗವನ್ನೂ ಮೂವರೂ ಮೆರುಗಿಲ್ಲದೆ ಬಿಟ್ಟಿದ್ದಾರೆ. ಎಲ್ಲಿ, ಏಕೆ?"

"ಮುದ್ರೆ ಒತ್ತುವ ಜಾಗ!" ಎಂದರು ಆಸ್ಥಾನದ ಪಂಡಿತರು. ಅವರ ಶಾಲಿನೊಳಗೆ ಎಲೆಗಳು ಸರಸರ ಅಂದವು.

ಬೊಮ್ಮಣ್ಣ ಅಂಚಿನ ಪಕ್ಕದ ಮಣ್ಣಿನೊಳಗೆ ಬೆರಳು ಇಳಿಸಿದ. "ಒಳಮೈ. ಹೊರಗಿನ ಚೆಂದ ನೋಡುವವರಿಗೆ, ಒಳಗಿನ ಒರಟು ಬೇರಿಗೆ. ಬೇರು ಹಿಡಿದುಕೊಳ್ಳಬೇಕಲ್ಲ."

ರಾಣಿಯ ಮುಖ ಬಿಗಿಯಿತು. "ಕೊನೆಯದು. ಮೂರರಲ್ಲಿ ಯಾವುದು ಶ್ರೇಷ್ಠ?"

"ಚೀನಾದ್ದು."

"ನಮ್ಮ ನಾಡಿನದಕ್ಕೇ ಹೆಸರಿಡುತ್ತೀಯಾ?"

"ಚೀನಾದ್ದರ ಬಾಯಿ ಹೊರಕ್ಕೆ ತೆರೆದಿದೆ ತಾಯಿ. ಜಪಾನಿನದು ನೇರ, ಎಳೆದರೆ ಬಂದೀತು. ನಮ್ಮದರ ಅಂಚು ಒಳಬಾಗಿದೆ. ನೋಡಲು ಚೆಂದ, ಆದರೆ ಒಳಗಿರುವ ಮರ ಹೊರಬರಲಾರದು. ಮರ ಎಂದಾದರೂ ಹೊರಬರಬೇಕು ಎಂದು ಯೋಚಿಸಿದವನೇ ಒಳ್ಳೆಯ ಕುಂಬಾರ."

ತೋಟವಿಡೀ ಉಸಿರುಬಿಟ್ಟಿತು. ಕೆಂಪು ಮಣ್ಣಿನ ಕುಂಡದೊಳಗಿಂದ ಸಣ್ಣ ದನಿ ಕೇಳಿಸಿತು: "ಬೊಮ್ಮಾ..."

ಬೊಮ್ಮಣ್ಣ ಆ ಮರವನ್ನೇ ತೋರಿಸಿದ. ರಾಣಿ ನಕ್ಕಳು. "ಗೆದ್ದೆ. ಮರ ನಿನ್ನದು, ಒಯ್ಯಿ. ಕುಂಡ ಮಾತ್ರ ನನ್ನದು. ಅದರಲ್ಲಿ ಬಿರುಕು ಬಿಟ್ಟರೂ ನೀನೂ ಇಲ್ಲೇ."

ಬೊಮ್ಮಣ್ಣ ಸೊಂಟದ ಚಾಕು ತೆಗೆದ. "ತಡಕೋ ಅಣ್ಣಾ," ಎಂದು ಕುಂಡದ ಒಳಗೋಡೆಗುಂಟ ಸುತ್ತಲೂ ಬೇರು ಕೊಯ್ದ. ಪ್ರತಿ ಬೇರಿಗೂ ಒಂದು ಕೂಗು. ಹೊರಗೆ ಬಂದ ಲಕ್ಕಪ್ಪ ಮತ್ತೆ ಆಳುದ್ದವಾದ. ಕಾಲಿನಲ್ಲಿ ಬೆರಳುಗಳಿರಲಿಲ್ಲ. ಬೊಮ್ಮಣ್ಣ ಅವನನ್ನು ಬೆನ್ನಿಗೆ ಹೊತ್ತು ಮನೆಗೆ ತಂದ.

ಲಕ್ಕಪ್ಪ ಈಗ ಉಣ್ಣುತ್ತಾನೆ, ನಗುತ್ತಾನೆ, ತಮ್ಮನನ್ನು ಬೈಯುತ್ತಾನೆ. ಆದರೆ ಕೆಲವು ಮಧ್ಯಾಹ್ನ ಇದ್ದಕ್ಕಿದ್ದಂತೆ ಅವನ ತುಟಿ ಒಡೆಯುತ್ತದೆ. ಎಷ್ಟು ಕುಡಿದರೂ ದಾಹ ತೀರುವುದಿಲ್ಲ. ಇದನ್ನು ಸರಿಯಾಗಿ ವಿವರಿಸಬೇಕು. ಅವನಿಗೇನೂ ಕಾಯಿಲೆಯಿಲ್ಲ. ಕೊಯ್ದ ಬೇರು ಕೆಂಪು ಮಣ್ಣಿನ ಕುಂಡದಲ್ಲೇ ಉಳಿಯಿತಲ್ಲ, ಅದು ಮತ್ತೆ ಚಿಗುರಿದೆಯಂತೆ. ಅದೂ ಲಕ್ಕಪ್ಪನೇ. ಅಂದರೆ ರಾಣಿ ಅಲ್ಲಿ ನೀರು ಹಾಕುವುದನ್ನು ಮರೆತ ದಿನ ಇಲ್ಲಿ

ಇರಿ, ಒಳಗಿನಿಂದ ನೀರು ನೀರು ಎಂದು ಕರೆಯುತ್ತಿದ್ದಾರೆ. ಬಂದೆ.